ನೋವು ಎಲ್ಲಿ? ಬೆರಳಿಟ್ಟು ತೋರಿಸಿ!

‘ಕುಂಡೆ’ ಎಂದರೆ ಮಕ್ಕಳಿಗೆ ನಗು. ಅಲ್ಲಿ ನೋವು ಎಂದು ಹೇಳಿಕೊಳ್ಳಲು ದೊಡ್ಡವರಿಗೆ ಸಂಕೋಚ. ಹಾಗಾಗಿ ಎಷ್ಟೋ ಹಿರಿಯರು ವೈದ್ಯರ ಮುಂದೆ ‘ಸೊಂಟ ನೋವು’ ಎಂದೋ ‘ಕಾಲು ನೋವು’ ಎಂದೋ ಹೇಳಿ ಮುಗಿಸುತ್ತಾರೆ. ಓಟದ ಸ್ಪರ್ಧೆಯಲ್ಲಿ ತೊಡೆಯ ಹಿಂಭಾಗ ಹಿಡಿದುಕೊಂಡು ಕುಂಟುತ್ತ ಬಂದ ಹುಡುಗನೂ ‘ಏನಿಲ್ಲ, ಸ್ವಲ್ಪ ಉಳುಕಿದೆ’ ಎಂದುಬಿಡುತ್ತಾನೆ.

ಅಜ್ಜನಿಗೂ ಮೊಮ್ಮಗನಿಗೂ ನೋಯುವ ಜಾಗ ಒಂದೇ ಇರಬಹುದು. ಆದರೆ ಕಾರಣ ಬೇರೆ, ಮದ್ದೂ ಬೇರೆ. ನೋವು ಎಲ್ಲಿ ಶುರುವಾಗುತ್ತದೆ, ಎಲ್ಲಿಯವರೆಗೆ ಇಳಿಯುತ್ತದೆ, ಯಾವಾಗ ಹೆಚ್ಚುತ್ತದೆ – ಈ ಮೂರನ್ನು ನಾಚಿಕೆ ಬಿಟ್ಟು ಸರಿಯಾಗಿ ಹೇಳಿದರೆ ಅರ್ಧ ಚಿಕಿತ್ಸೆ ಆದಂತೆಯೇ.

ಒಳಗೆ ಏನೇನಿದೆ?

ಮಕ್ಕಳೇ, ಗಟ್ಟಿ ಕುರ್ಚಿಯ ಮೇಲೆ ಕುಳಿತು ಎರಡೂ ಅಂಗೈಗಳನ್ನು ಕೆಳಗೆ ತೂರಿಸಿ ನೋಡಿ. ಎರಡು ಗಟ್ಟಿ ಮೂಳೆಗಳು ಕೈಗೆ ಒತ್ತುತ್ತವೆ, ಅಲ್ಲವೇ? ಕೂತಾಗ ನಮ್ಮ ಭಾರ ಹೊರುವುದು ಇವೇ. ತೊಡೆಯ ಹಿಂಭಾಗದ ಮೂರು ಉದ್ದನೆಯ ಸ್ನಾಯುಗಳು ಇಲ್ಲಿಂದಲೇ ಹೊರಟು ಮಂಡಿಯ ಕೆಳಗೆ ಅಂಟಿಕೊಳ್ಳುತ್ತವೆ. ಇವುಗಳಿಗೆ ಹ್ಯಾಮ್‌ಸ್ಟ್ರಿಂಗ್ ಎಂದು ಹೆಸರು.

ಪೃಷ್ಠದ ದಪ್ಪ ಸ್ನಾಯು ನಮ್ಮ ದೇಹದಲ್ಲೇ ಅತಿ ದೊಡ್ಡ ಸ್ನಾಯು. ಅದರ ಅಡಿಯಲ್ಲಿ ಪೈರಿಫಾರ್ಮಿಸ್ ಎಂಬ ಪುಟ್ಟ ಸ್ನಾಯು ಅಡ್ಡಲಾಗಿ ಮಲಗಿದೆ. ಸಾಮಾನ್ಯವಾಗಿ ಅದರ ಕೆಳಗಿನಿಂದ ನುಸುಳಿ ಬರುವುದೇ ಸಯಾಟಿಕ್ ನರ. ಇದು ದೇಹದ ಅತ್ಯಂತ ದಪ್ಪ, ಅತ್ಯಂತ ಉದ್ದದ ನರ. ಹೆಚ್ಚುಕಡಿಮೆ ಬೆರಳಿನಷ್ಟು ದಪ್ಪ! ಬೆನ್ನಿನ ಬುಡದಿಂದ ಹೊರಡುವ 5 ಬೇರುಗಳು ಕೂಡಿ ಈ ನರವಾಗುತ್ತದೆ. ತೊಡೆಯ ಹಿಂದೆ ಇಳಿದು, ಮಂಡಿಯ ಮೇಲ್ಗಡೆ ಎರಡಾಗಿ ಕವಲೊಡೆದು, ಪಾದದವರೆಗೂ ಹೋಗುತ್ತದೆ.

ತಂತಿ ಎಳೆದಂತಹ ನೋವು

ಪೃಷ್ಠದಿಂದ ಹೊರಟು ತೊಡೆಯ ಹಿಂದೆ, ಮಂಡಿಯ ಕೆಳಗೆ, ಪಾದದವರೆಗೂ ಕರೆಂಟ್ ಹೊಡೆದಂತೆ ಇಳಿಯುವ ನೋವಿಗೆ ಸಯಾಟಿಕಾ ಎನ್ನುತ್ತಾರೆ. ಜೊತೆಗೆ ಜುಮುಜುಮು, ಮರಗಟ್ಟುವಿಕೆ ಇರುತ್ತದೆ. ಕೆಮ್ಮಿದರೆ, ಸೀನಿದರೆ ನೋವು ಹೆಚ್ಚುತ್ತದೆ.

ಇದು ಹಳೆಯ ಕಾಯಿಲೆ. ಆಯುರ್ವೇದದ ಚರಕಸಂಹಿತೆ ಇದನ್ನು ‘ಗೃಧ್ರಸಿ’ ಎಂದು ಕರೆದು, ಪೃಷ್ಠದಿಂದ ಶುರುವಾಗಿ ಸೊಂಟ, ತೊಡೆ, ಮಂಡಿ, ಮೀನಖಂಡ, ಪಾದ ಎಂದು ಕ್ರಮವಾಗಿ ಇಳಿಯುವ ನೋವನ್ನು ವರ್ಣಿಸಿದೆ. ಗೃಧ್ರ ಎಂದರೆ ಹದ್ದು. ರೋಗಿಯ ನಡಿಗೆ ಹದ್ದಿನ ನಡಿಗೆಯನ್ನು ಹೋಲುವುದರಿಂದ ಈ ಹೆಸರು ಬಂತು ಎನ್ನುತ್ತಾರೆ. ಇಟಲಿಯ ವೈದ್ಯ ಡೊಮೆನಿಕೊ ಕೊಟುನ್ಯೊ 1764ರಲ್ಲಿ ಈ ನೋವಿನ ಬಗ್ಗೆಯೇ ಒಂದು ಪುಸ್ತಕ ಬರೆದು, ಇದು ನರದ ತೊಂದರೆ ಎಂದು ತೋರಿಸಿದರು. ಬೆನ್ನಿನ ಡಿಸ್ಕ್ ಜಾರಿ ನರವನ್ನು ಒತ್ತುವುದು ಇದಕ್ಕೆ ದೊಡ್ಡ ಕಾರಣ ಎಂದು ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು 1934ರಲ್ಲಿ ತಿಳಿಸಿಕೊಟ್ಟರು.

ಡಿಸ್ಕ್ ಎಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ. ಹೋಳಿಗೆಯನ್ನು ನೆನಪಿಸಿಕೊಳ್ಳಿ: ಹೊರಗೆ ಕಣಕ, ಒಳಗೆ ಹೂರಣ. ಕಣಕ ಬಿರುಕು ಬಿಟ್ಟರೆ ಹೂರಣ ಹೊರಗೆ ಇಣುಕುವ ಹಾಗೆ, ಡಿಸ್ಕಿನ ಒಳತಿರುಳು ಹೊರಬಂದು ಪಕ್ಕದ ನರದ ಬೇರನ್ನು ಕೆಣಕುತ್ತದೆ. ಗೇಟಿನ ಬಳಿ ಗುಂಡಿ ಒತ್ತಿದರೆ ಗಂಟೆ ಮನೆಯೊಳಗೆ ಬಾರಿಸುತ್ತದಲ್ಲ, ಹಾಗೆಯೇ ಒತ್ತಡ ಬೆನ್ನಿನಲ್ಲಿ, ನೋವು ಕಾಲಿನಲ್ಲಿ! ತೊಡೆಯನ್ನಷ್ಟೇ ತಿಕ್ಕಿದರೆ ಸಾಲದು ಎನ್ನುವುದು ಇದಕ್ಕೇ.

ಸೈಕಲ್ ತುಳಿಯಬಲ್ಲರು, ನಡೆಯಲಾರರು

ಕೆಲವು ಹಿರಿಯರಿಗೆ ಕೂತಾಗ ನೋವೇ ಇರುವುದಿಲ್ಲ. ಸ್ವಲ್ಪ ದೂರ ನಡೆಯುತ್ತಲೇ ಎರಡೂ ಪೃಷ್ಠ, ತೊಡೆಗಳು ಭಾರವಾಗಿ ಸೆಳೆಯತೊಡಗುತ್ತವೆ. ಎಲ್ಲಾದರೂ ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಹಾಯೆನಿಸುತ್ತದೆ. ವಯಸ್ಸಾದಂತೆ ಬೆನ್ನುಮೂಳೆಯೊಳಗಿನ ನರಗಳ ದಾರಿ ಕಿರಿದಾಗುವುದು ಇದಕ್ಕೆ ಕಾರಣ. ಬಾಗಿದಾಗ ಆ ದಾರಿ ತುಸು ಅಗಲವಾಗುತ್ತದೆ. ಆದ್ದರಿಂದಲೇ ಇಂಥವರು ಬಾಗಿಕೊಂಡು ಸೈಕಲ್ ತುಳಿಯಬಲ್ಲರು, ನೆಟ್ಟಗೆ ನಡೆಯಲಾರರು.

ಬಾಗಬೇಕಿಲ್ಲ, ಕೂರಬೇಕಿಲ್ಲ, ಸುಮ್ಮನೆ ನಿಂತರೂ ನೋವು ಇಳಿಯುತ್ತದೆ ಎಂದಾದರೆ ಅದು ಕಾಲಿನ ರಕ್ತನಾಳದ ತೊಂದರೆ ಇರಬಹುದು. ಬೀಡಿ-ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ನೋಡಿ, ‘ಕೂತರೆ ಕಡಿಮೆಯಾಗುತ್ತದೋ, ನಿಂತರೆ ಕಡಿಮೆಯಾಗುತ್ತದೋ’ ಎಂಬ ಒಂದು ಮಾತು ವೈದ್ಯರಿಗೆ ಎಷ್ಟು ದಾರಿ ತೋರಿಸುತ್ತದೆ!

ಜೇಬಿನ ಪರ್ಸು, ನೇಕಾರರ ನೋವು

ನೋವು ಪೃಷ್ಠದ ನಡುಭಾಗದಲ್ಲಿದ್ದು, ಹೆಚ್ಚು ಹೊತ್ತು ಕೂತಾಗ ಕಾಡಿದರೆ ಪೈರಿಫಾರ್ಮಿಸ್ ಸ್ನಾಯು ಬಿಗಿದುಕೊಂಡಿರಬಹುದು. ಪ್ಯಾಂಟಿನ ಹಿಂದಿನ ಜೇಬಿನಲ್ಲಿ ದಪ್ಪ ಪರ್ಸು ಇಟ್ಟುಕೊಂಡು ಗಂಟೆಗಟ್ಟಲೆ ಗಾಡಿ ಓಡಿಸುವವರು ಮೊದಲು ಪರ್ಸನ್ನು ಹೊರಗೆ ತೆಗೆಯಲಿ.

ಕೂರುವ ಮೂಳೆಯ ಮೇಲೆಯೇ ಬೆರಳಿಟ್ಟು ‘ಇಲ್ಲೇ’ ಎಂದು ತೋರಿಸುವಂತಿದ್ದರೆ, ಆ ಮೂಳೆಯ ಬಳಿಯ ಪುಟ್ಟ ನೀರಿನ ಚೀಲ ಊದಿಕೊಂಡಿರಬಹುದು. ದಿನವಿಡೀ ಗಟ್ಟಿ ಮಣೆಯ ಮೇಲೆ ಕೂರುತ್ತಿದ್ದ ಮಗ್ಗದವರಲ್ಲಿ ಇದನ್ನು ಕಂಡ ಇಂಗ್ಲಿಷ್ ವೈದ್ಯರು ‘ನೇಕಾರರ ಕುಂಡೆ’ ಎಂದೇ ಹೆಸರಿಟ್ಟಿದ್ದರು! ಮೆತ್ತನೆಯ ದಿಂಬು ಮತ್ತು ಆಗಾಗ ಏಳುವುದು ಇದಕ್ಕೆ ಮೊದಲ ಮದ್ದು.

ಓಡುವಾಗ ‘ಟಪ್’ ಎಂದರೆ

ಜೋರಾಗಿ ಓಡುವಾಗ, ಚೆಂಡನ್ನು ಒದೆಯುವಾಗ ತೊಡೆಯ ಹಿಂದೆ ಥಟ್ಟನೆ ಚಳುಕು ಹೊಡೆದರೆ ಹ್ಯಾಮ್‌ಸ್ಟ್ರಿಂಗ್ ಹರಿದಿರಬಹುದು. ಆಟವನ್ನು ಅಲ್ಲಿಗೇ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15 ನಿಮಿಷ ಇಡಿ. ಮೊದಲ ಎರಡು ದಿನ ಎಣ್ಣೆ ತಿಕ್ಕುವುದು, ಬಿಸಿ ಶಾಖ, ಎಳೆದು ಉಳುಕು ತೆಗೆಸುವುದು ಬೇಡ.

ಹದಿಹರೆಯದವರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಬೆಳೆಯುವ ಮಕ್ಕಳ ಮೂಳೆಯ ತುದಿಗಿಂತ ಸ್ನಾಯುವೇ ಬಲವಾಗಿರುತ್ತದೆ. ಜೋರಾಗಿ ಎಳೆದಾಗ ಸ್ನಾಯು ಹರಿಯುವ ಬದಲು ಕೂರುವ ಮೂಳೆಯ ಚೂರೇ ಕಿತ್ತು ಬರಬಹುದು. ಓಡುವಾಗ ‘ಟಪ್’ ಎಂದ ಅನುಭವವಾಗಿ, ಆಮೇಲೆ ಕೂರಲೂ ಆಗದಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. ‘ನಾಡಿದ್ದು ಫೈನಲ್ ಇದೆ’ ಎಂದು ನೋವು ಮುಚ್ಚಿಟ್ಟು ಓಡಬೇಡಿ, ಮಕ್ಕಳೇ. ನೋವಿಲ್ಲದೆ ಪೂರ್ತಿ ವೇಗದಲ್ಲಿ ಓಡಲು ಬಂದ ಮೇಲಷ್ಟೇ ಮತ್ತೆ ಆಟ.

ಜ್ವರ ಬಂದ ಪುಟ್ಟ ಮಕ್ಕಳಿಗೆ ‘ಒಂದು ಇಂಜೆಕ್ಷನ್ ಕೊಟ್ಟುಬಿಡಿ’ ಎಂದು ಒತ್ತಾಯಿಸುವ ಹಿರಿಯರೂ ಗಮನಿಸಬೇಕು. ಪೃಷ್ಠದಲ್ಲಿ ತಪ್ಪು ಜಾಗಕ್ಕೆ ಚುಚ್ಚಿದ ಸೂಜಿ ಸಯಾಟಿಕ್ ನರಕ್ಕೆ ತಗುಲಿ ಪಾದ ಸೋಲಬಹುದು. ಹಸುಳೆಗಳಿಗೆ ಲಸಿಕೆಯನ್ನು ತೊಡೆಯ ಮುಂಭಾಗದ ಹೊರಮಗ್ಗುಲಿಗೆ ಕೊಡುವುದು ಇದೇ ಕಾರಣಕ್ಕೆ.

ಮಲಗಿಬಿಡಬೇಡಿ

ಸಯಾಟಿಕಾ ಎಂದರೆ ಹಲಗೆಯ ಮೇಲೆ ವಾರಗಟ್ಟಲೆ ಮಲಗಬೇಕು ಎಂಬ ಕಾಲ ಹೋಯಿತು. ನೆದರ್ಲೆಂಡ್ಸಿನ ವೈದ್ಯರು 183 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರು ಎರಡು ವಾರ ಹಾಸಿಗೆ ಹಿಡಿದರು, ಉಳಿದವರು ಕೈಲಾದಷ್ಟು ಓಡಾಡಿಕೊಂಡಿದ್ದರು. 12 ವಾರಗಳ ನಂತರ ಎರಡೂ ಗುಂಪಿನಲ್ಲಿ ಶೇ 87ರಷ್ಟು ಮಂದಿ ಸುಧಾರಿಸಿದ್ದರು. ಮಲಗಿದ್ದರಿಂದ ಹೆಚ್ಚಿನ ಲಾಭವೇನೂ ಆಗಿರಲಿಲ್ಲ.

ಹಾಗಾಗಿ ನೋವು ತೀರಾ ಹೆಚ್ಚಿದ್ದರೆ ಒಂದೆರಡು ದಿನ ವಿಶ್ರಾಂತಿ, ಆಮೇಲೆ ಸಣ್ಣಪುಟ್ಟ ನಡಿಗೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಭಾರ ಎತ್ತುವುದು, ಬಾಗಿ ಕಸ ಗುಡಿಸುವುದು ಕೆಲವು ದಿನ ಬೇಡ. ನೆಲದ ಮೇಲೆ ಚಕ್ಕಳಮಕ್ಕಳ ಕೂತಾಗ ನೋವು ಹೆಚ್ಚಿದರೆ ಕುರ್ಚಿಯ ಮೇಲೆ ಕೂತು ಊಟ ಮಾಡಿ.

ನೋವು ಕಡಿಮೆಯಾಗತೊಡಗಿದ ಮೇಲೆ, ವೈದ್ಯರನ್ನು ಕೇಳಿಕೊಂಡು, ಮಂಚದ ಮೇಲೆಯೇ ಎರಡು ವ್ಯಾಯಾಮ ಮಾಡಬಹುದು. ಅಂಗಾತ ಮಲಗಿ ಒಂದು ಮಂಡಿಯನ್ನು ಎರಡೂ ಕೈಗಳಿಂದ ಎದೆಯ ಕಡೆಗೆ ಎಳೆದುಕೊಂಡು 20 ಎಣಿಸಿ. ಆಮೇಲೆ ಮಂಡಿಗಳನ್ನು ಮಡಚಿ, ಒಂದು ಕಾಲಿನ ಹರಡನ್ನು ಇನ್ನೊಂದು ಮಂಡಿಯ ಮೇಲಿಟ್ಟು, ಕೆಳಗಿನ ತೊಡೆಯನ್ನು ಮೆಲ್ಲಗೆ ಎಳೆದುಕೊಳ್ಳಿ. ನೋವು ಪಾದದಿಂದ ಮೇಲಕ್ಕೆ ಸರಿದು ಸೊಂಟದ ಬಳಿ ಮಾತ್ರ ಉಳಿದರೆ ಅದು ಒಳ್ಳೆಯ ಲಕ್ಷಣ. ಇನ್ನಷ್ಟು ಕೆಳಕ್ಕೆ ಇಳಿದರೆ ಆ ವ್ಯಾಯಾಮ ನಿಲ್ಲಿಸಿ.

ಬಿಸಿನೀರಿನ ಶಾಖ ಹಿತ ಕೊಡುತ್ತದೆ. ಆದರೆ ಸಕ್ಕರೆ ಕಾಯಿಲೆಯಿಂದ ಚರ್ಮಕ್ಕೆ ಸ್ಪರ್ಶ ತಿಳಿಯದವರು ಸುಟ್ಟುಕೊಳ್ಳದಂತೆ ನೋಡಿಕೊಳ್ಳಬೇಕು. ಅಂಗಡಿಯಿಂದ ತಂದ ನೋವಿನ ಮಾತ್ರೆಗಳನ್ನು ದಿನಗಟ್ಟಲೆ ನುಂಗಿದರೆ ಹಿರಿಯರ ಹೊಟ್ಟೆ, ಮೂತ್ರಪಿಂಡ, ಹೃದಯಕ್ಕೆ ತೊಂದರೆ. ಇನ್ನು ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವುದು, ಮೊಮ್ಮಗನನ್ನು ಬೆನ್ನಿನ ಮೇಲೆ ನಡೆಸುವುದು ಬೇಡವೇ ಬೇಡ. ವಯಸ್ಸಾದ ಮೂಳೆ ಅಷ್ಟು ಭಾರಕ್ಕೇ ಕುಸಿಯಬಹುದು.

ಕಾಯದೆ ಆಸ್ಪತ್ರೆಗೆ ಹೋಗಿ

* ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅಥವಾ ತೊಡೆಸಂದು, ಗುದದ ಸುತ್ತ ಮರಗಟ್ಟಿದರೆ. ಇದು ಗಂಟೆಗಳ ಲೆಕ್ಕದ ತುರ್ತು. ಬೆಳಗಾಗಲಿ ಎಂದು ಕೂರಬೇಡಿ.
* ಪಾದ ಎತ್ತಲಾಗದೆ ಎಡವುತ್ತಿದ್ದರೆ, ಅರಿವಿಲ್ಲದೆ ಚಪ್ಪಲಿ ಕಳಚಿ ಬೀಳುತ್ತಿದ್ದರೆ.
* ಹಿರಿಯರು ಬಿದ್ದ ಮೇಲೆ ನೋವು ಶುರುವಾಗಿದ್ದರೆ.
* ಜ್ವರ, ತೂಕ ಇಳಿಕೆ, ರಾತ್ರಿ ನಿದ್ದೆಗೆಡಿಸುವ ನೋವು ಇದ್ದರೆ, ಅಥವಾ ಹಿಂದೆ ಕ್ಯಾನ್ಸರ್ ಆಗಿದ್ದರೆ.
* ಮಗು ಪೆಟ್ಟಾಗದೆಯೂ ಕುಂಟುತ್ತಿದ್ದರೆ, ಜೊತೆಗೆ ಜ್ವರವಿದ್ದರೆ.

ಮಕ್ಕಳಿಗೊಂದು ಕೆಲಸ

ಒಂದು ಹಾಳೆಯಲ್ಲಿ ಮನುಷ್ಯನ ಬೆನ್ನಿನ ಕಡೆಯ ಚಿತ್ರ ಬರೆಯಿರಿ. ಅಜ್ಜ, ಅಜ್ಜಿಯ ಪಕ್ಕದಲ್ಲಿ ಕೂತು, ನೋವು ಇರುವಲ್ಲಿ ಕೆಂಪು ಬಣ್ಣ, ಮರಗಟ್ಟಿದಲ್ಲಿ ನೀಲಿ ಬಣ್ಣ ತುಂಬಿಸಿ. ‘ಕೂತರೆ ಹೇಗೆ? ನಡೆದರೆ ಹೇಗೆ? ಕೆಮ್ಮಿದರೆ? ರಾತ್ರಿ?’ ಎಂದು ಕೇಳಿ, ಉತ್ತರವನ್ನು ಕೆಳಗೆ ಬರೆದುಕೊಳ್ಳಿ. ವೈದ್ಯರೂ ರೋಗಿಗಳಿಂದ ಇಂಥ ಚಿತ್ರ ಬರೆಸುವುದುಂಟು. ಬಾಯಿಬಿಟ್ಟು ಹೇಳಲು ಸಂಕೋಚಪಡುವ ಅಜ್ಜಿ ಈ ಹಾಳೆಯನ್ನು ವೈದ್ಯರ ಮೇಜಿನ ಮೇಲಿಟ್ಟರೆ ಸಾಕು.