ಸೆರೆಮನೆಯನ್ನು ಕಂಡ ನಿರ್ಮಾಪಕ

1951ನೆಯ ಇಸವಿ, ಡಿಸೆಂಬರ್ 13. ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್ ಪಟ್ಟಣದಲ್ಲಿ, ಪೊಲೀಸ್ ಠಾಣೆಯಿಂದ ಕೂಗಳತೆಯ ದೂರದಲ್ಲಿದ್ದ ಕಾರು ನಿಲ್ದಾಣ. ಹೆಸರಾಂತ ನಟಿ ಜೋನ್ ಬೆನೆಟ್ ತನ್ನ ಕಾರಿನ ಬಳಿ ಇದ್ದಳು. ಆಕೆಯ ವೃತ್ತಿ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಏಜೆಂಟ್ ಜೆನಿಂಗ್ಸ್ ಲ್ಯಾಂಗ್ ಜೊತೆಯಲ್ಲಿದ್ದ. ಅಷ್ಟರಲ್ಲಿ ಐವತ್ತೇಳು ವರ್ಷದ ಗೃಹಸ್ಥನೊಬ್ಬ ಅಲ್ಲಿಗೆ ಬಂದು ಪಿಸ್ತೂಲಿನಿಂದ ಎರಡು ಗುಂಡುಗಳನ್ನು ಹಾರಿಸಿದ. ಲ್ಯಾಂಗ್ ನೆಲಕ್ಕುರುಳಿದ. ಗುಂಡು ಹಾರಿಸಿದಾತ ಓಡಿಹೋಗಲಿಲ್ಲ; ತನ್ನ ಸಂಸಾರವನ್ನು ಒಡೆಯುತ್ತಿದ್ದವನನ್ನು ಹೊಡೆದೆನೆಂದು ಪೊಲೀಸರ ಮುಂದೆ ಒಪ್ಪಿಕೊಂಡ.

ಆತ ಬೀದಿಯ ಪುಂಡನಲ್ಲ. ಜೋನ್ ಬೆನೆಟ್‌ಳ ಪತಿ, ಪ್ರಸಿದ್ಧ ಚಿತ್ರ ನಿರ್ಮಾಪಕ. ಆಸ್ಕರ್ ಪ್ರಶಸ್ತಿಗಳನ್ನು ನೀಡುವ ಅಕಾಡೆಮಿಯ ಅಧ್ಯಕ್ಷ ಪೀಠದಲ್ಲಿ 1939ರಿಂದ 1945ರ ವರೆಗೆ, ನಡುವೆ ಕೆಲವು ವಾರಗಳನ್ನು ಬಿಟ್ಟು, ಕುಳಿತಿದ್ದವನು. ಹೆಸರು ವಾಲ್ಟರ್ ವೇಂಜರ್. ಅಪಾಯವೆಂಬ ಅರ್ಥದ ಇಂಗ್ಲಿಷಿನ ‘ಡೇಂಜರ್’ ಶಬ್ದಕ್ಕೆ ಪ್ರಾಸ ಕೂಡುವಂತೆ ಈ ಹೆಸರನ್ನು ಉಚ್ಚರಿಸುವುದು ರೂಢಿ.

ಹಾಲಿವುಡ್ಡಿಗೆ ಅಪಖ್ಯಾತಿ ಹೊಸದಲ್ಲ. ಎಷ್ಟೋ ಮಂದಿ ನಿರ್ಮಾಪಕರು ಅದರಲ್ಲಿ ಮುಳುಗಿಹೋಗಿದ್ದಾರೆ. ಹಣದ ಬಲದಿಂದ ತೇಲಿ ಬಂದವರೂ ಉಂಟು. ವೇಂಜರನ ಕಥೆ ಇವೆರಡಕ್ಕಿಂತ ಬೇರೆ. ತನ್ನ ಕೈಯಾರೆ ಮಾಡಿಕೊಂಡ ಅಪರಾಧಕ್ಕಾಗಿ ಆತ ಸುಮಾರು ನೂರು ದಿನ ಸೆರೆವಾಸ ಅನುಭವಿಸಿದ. ಹೊರಗೆ ಬಂದ ಮೇಲೆ ಆತ ತೆಗೆದ ಚಿತ್ರಗಳಲ್ಲಿ ಕೆಲವು ಅದಕ್ಕೆ ಮುಂಚಿನ ವೈಭವದ ಚಿತ್ರಗಳಿಗಿಂತ ಹೆಚ್ಚು ಸತ್ಯವಾಗಿದ್ದುವು.

ಏರಿದ ಮೆಟ್ಟಲುಗಳು

ವೇಂಜರ್ ಹುಟ್ಟಿದುದು 1894ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ಮನೆತನದ ಮೂಲ ಹೆಸರು ಫಾಯ್ಕ್ಟ್‌ವಾಂಗರ್. ಡಾರ್ಟ್‌ಮತ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ನಾಟಕದ ಗೀಳು ಹತ್ತಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯಲ್ಲಿ ಅಮೆರಿಕದ ಪ್ರಚಾರ ಕಾರ್ಯದಲ್ಲಿ ತೊಡಗಿದ್ದು, ಬಳಿಕ ಪ್ಯಾರಿಸಿನ ಶಾಂತಿ ಸಮ್ಮೇಳನಕ್ಕೆ ಹೋದ ಅಧ್ಯಕ್ಷ ವಿಲ್ಸನ್ನರ ಸಿಬ್ಬಂದಿಯಲ್ಲಿಯೂ ಕೆಲಸ ಮಾಡಿದ. ಜನರ ಮನಸ್ಸನ್ನು ತಿರುಗಿಸುವ ಶಕ್ತಿ ಚಲಚ್ಚಿತ್ರಕ್ಕೆ ಎಷ್ಟಿದೆಯೆಂಬುದನ್ನು ಆತ ಕಂಡುಕೊಂಡುದು ಈ ದಿನಗಳಲ್ಲಿಯೇ.

ಹಾಲಿವುಡ್ಡಿನ ನಿರ್ಮಾಪಕರಲ್ಲಿ ಬಹುಮಂದಿ ಅಂಗಡಿ ವ್ಯಾಪಾರದಿಂದ ಮೇಲೆ ಬಂದವರು. ಕಾಲೇಜಿನ ಮೆಟ್ಟಲು ಹತ್ತಿದವರು ವಿರಳ. ವೇಂಜರ್ ರಾಜಕೀಯವನ್ನು ಚರ್ಚಿಸಬಲ್ಲವನಾಗಿದ್ದ, ಭಾಷಣ ಮಾಡಬಲ್ಲವನಾಗಿದ್ದ. ಪ್ಯಾರಮೌಂಟ್, ಕೊಲಂಬಿಯಾ, ಎಂಜಿಎಂ ಸಂಸ್ಥೆಗಳಲ್ಲಿ ಪಳಗಿದ ಬಳಿಕ ಸ್ವತಂತ್ರ ನಿರ್ಮಾಪಕನಾದ. 1933ರಲ್ಲಿ ಗ್ರೇಟಾ ಗಾರ್ಬೋ ನಟಿಸಿದ ‘ಕ್ವೀನ್ ಕ್ರಿಸ್ಟಿನಾ’, 1939ರಲ್ಲಿ ಜಾನ್ ಫೋರ್ಡ್ ನಿರ್ದೇಶಿಸಿ ಜಾನ್ ವೇಯ್ನ್‌ನನ್ನು ತಾರೆಯನ್ನಾಗಿ ಮಾಡಿದ ‘ಸ್ಟೇಜ್‌ಕೋಚ್’, 1940ರಲ್ಲಿ ಹಿಚ್‌ಕಾಕ್ ನಿರ್ದೇಶಿಸಿದ ‘ಫಾರಿನ್ ಕರೆಸ್ಪಾಂಡೆಂಟ್’ ಇವೆಲ್ಲವೂ ಆತನ ನಿರ್ಮಾಣಗಳೇ.

ವಿವಾದವೂ ಆತನ ಬೆನ್ನಿಗೆ ಅಂಟಿಕೊಂಡೇ ಬಂದಿತು. ಸ್ಪೇನಿನ ಅಂತರ್ಯುದ್ಧವನ್ನು ಕುರಿತ ‘ಬ್ಲಾಕೇಡ್’ ಚಿತ್ರ 1938ರಲ್ಲಿ ತೆರೆಕಂಡಾಗ ಕ್ಯಾಥೊಲಿಕ್ ಸಂಘಗಳು ಪ್ರತಿಭಟಿಸಿದುವು. ಜೋನ್ ಬೆನೆಟ್ ನಾಯಿಕೆಯಾಗಿದ್ದ ‘ಸ್ಕಾರ್ಲೆಟ್ ಸ್ಟ್ರೀಟ್’ ಚಿತ್ರಕ್ಕೆ 1946ರ ಆರಂಭದಲ್ಲಿ ನ್ಯೂಯಾರ್ಕ್ ರಾಜ್ಯದ ಸೆನ್ಸಾರ್ ಅಧಿಕಾರಿಗಳು ಅನುಮತಿಯನ್ನೇ ನಿರಾಕರಿಸಿದರು. ಕೆಲವು ದೃಶ್ಯಗಳಿಗೆ ಕತ್ತರಿ ಬಿದ್ದ ಮೇಲೆ ಅದು ಅಲ್ಲಿ ಬೆಳಕು ಕಂಡಿತು.

ಜಾರಿದ ಮೆಟ್ಟಲುಗಳು

1940ರಲ್ಲಿ ವೇಂಜರ್ ಜೋನ್ ಬೆನೆಟ್‌ಳನ್ನು ಮದುವೆಯಾದ. ಇಬ್ಬರಿಗೂ ಅದು ಮೊದಲನೆಯ ವಿವಾಹವಲ್ಲ. ಕೆಲವು ವರ್ಷ ಕೀರ್ತಿ, ಹಣ ಎರಡೂ ತುಂಬಿ ತುಳುಕಿದುವು. ಆಗಲೇ ಆತನಿಗೆ ಮಹತ್ತಾದುದೊಂದನ್ನು ಮಾಡಿ ತೋರಿಸುವ ಹಂಬಲ ಹುಟ್ಟಿತು. ಇಂಗ್ರಿಡ್ ಬರ್ಗ್‌ಮನ್‌ಳನ್ನು ನಾಯಿಕೆಯನ್ನಾಗಿಟ್ಟು, ವಿಕ್ಟರ್ ಫ್ಲೆಮಿಂಗ್‌ನ ನಿರ್ದೇಶನದಲ್ಲಿ, ಅಪಾರ ಹಣ ಸುರಿದು 1948ರಲ್ಲಿ ‘ಜೋನ್ ಆಫ್ ಆರ್ಕ್’ ಚಿತ್ರವನ್ನು ಹೊರತಂದ. ಹಾಕಿದ ಬಂಡವಾಳ ಹಿಂತಿರುಗಲಿಲ್ಲ. ಮುಂದೆ ಬರ್ಗ್‌ಮನ್ ಗಂಡನನ್ನು ತೊರೆದು ಇಟಲಿಯ ನಿರ್ದೇಶಕ ರೊಸೆಲಿನಿಯನ್ನು ಸೇರಿದ ಸುದ್ದಿ ಹಬ್ಬಿದಾಗ, ಸಾಧ್ವಿಯ ಪಾತ್ರ ವಹಿಸಿದವಳ ಚಿತ್ರಕ್ಕೆ ಉಳಿದಿದ್ದ ಮರ್ಯಾದೆಯೂ ಕುಂದಿತು.

ಆ ಚಿತ್ರಕ್ಕಾಗಿ ಅಕಾಡೆಮಿಯು ವೇಂಜರನಿಗೆ ವಿಶೇಷ ಗೌರವ ಪ್ರಶಸ್ತಿಯನ್ನು ಘೋಷಿಸಿತು. ಅತ್ಯುತ್ತಮ ಚಿತ್ರದ ಸ್ಪರ್ಧೆಗೇ ಅದನ್ನು ಆರಿಸಲಿಲ್ಲವೆಂಬ ಸಿಟ್ಟಿನಿಂದ ಆತ ಅದನ್ನು ನಿರಾಕರಿಸಿದ. ಪ್ರಶಸ್ತಿಯನ್ನು ತಿರಸ್ಕರಿಸಬಹುದು, ಸಾಲವನ್ನು ತಿರಸ್ಕರಿಸುವುದು ಹೇಗೆ? 1951ರ ವೇಳೆಗೆ ಆತ ದಿವಾಳಿಯ ಅಂಚಿಗೆ ಬಂದಿದ್ದ. ಕೈಯಲ್ಲಿ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ. ಪತ್ನಿಗೆ ಮಾತ್ರ ಬೇಡಿಕೆ ಇದ್ದೇ ಇತ್ತು. ಅದರ ಹಿಂದಿನ ವರ್ಷವಷ್ಟೇ ‘ಫಾದರ್ ಆಫ್ ದಿ ಬ್ರೈಡ್’ ಚಿತ್ರದಲ್ಲಿ ಆಕೆ ಜನಮನ ಗೆದ್ದಿದ್ದಳು. ಮನೆಯ ಯಜಮಾನಿಕೆಗೆ ಬಿದ್ದ ಪೆಟ್ಟು, ಸಂಶಯದ ಕಿಚ್ಚು, ಇವೆರಡೂ ಸೇರಿದರೆ ಏನಾಗಬಹುದೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಗ್ಗದ ಶಿಕ್ಷೆ

ಲ್ಯಾಂಗ್ ಶಸ್ತ್ರಚಿಕಿತ್ಸೆಯಿಂದ ಬದುಕಿ ಉಳಿದ. ಉಳಿಯದೆ ಹೋಗಿದ್ದರೆ ವೇಂಜರನ ಗತಿ ಬೇರೆಯಾಗುತ್ತಿದ್ದಿತು. ಆತನ ಪರವಾಗಿ ನಿಂತವನು ಚಿತ್ರತಾರೆಯರ ಮೊಕದ್ದಮೆಗಳಿಗೆ ಹೆಸರಾದ ವಕೀಲ ಜೆರ್ರಿ ಗೀಸ್ಲರ್. ಗುಂಡು ಹಾರಿಸಿದ ಗಳಿಗೆಯಲ್ಲಿ ಕಕ್ಷಿಗಾರನ ಬುದ್ಧಿ ಸ್ಥಿಮಿತದಲ್ಲಿರಲಿಲ್ಲವೆಂಬ ವಾದವನ್ನು ಮೊದಲು ಹೂಡಲಾಯಿತು. ಕೊನೆಗೆ ವೇಂಜರ್ ಜೂರಿಯ ವಿಚಾರಣೆಯನ್ನು ಬಿಟ್ಟುಕೊಟ್ಟು ನ್ಯಾಯಾಧೀಶರ ತೀರ್ಮಾನಕ್ಕೆ ತಲೆಬಾಗಿದ. ದೊರೆತ ಶಿಕ್ಷೆ ನಾಲ್ಕು ತಿಂಗಳು. ಅದೂ ಬಿಗಿಯಾದ ಸೆರೆಮನೆಯಲ್ಲಿ ಅಲ್ಲ, ಲಾಸ್ ಏಂಜಲಿಸ್ ಜಿಲ್ಲೆಯ ಕಸ್ಟೇಕ್ ಎಂಬಲ್ಲಿದ್ದ ಬಂದಿಗಳ ಕೃಷಿಕ್ಷೇತ್ರದಲ್ಲಿ. 1952ರ ಜೂನ್ ತಿಂಗಳಲ್ಲಿ ಒಳಗೆ ಹೋದವನು ಸೆಪ್ಟೆಂಬರಿನಲ್ಲಿ ಹೊರಗೆ ಬಂದ.

ಒಬ್ಬನನ್ನು ಗುಂಡಿಟ್ಟು ಹೊಡೆದುದಕ್ಕೆ ಇಷ್ಟೇ ಶಿಕ್ಷೆ ಸಾಕೇ ಎಂದು ಕೇಳುವವರಿಗೆ ತೃಪ್ತಿಕರವಾದ ಉತ್ತರ ಇಂದಿಗೂ ಇಲ್ಲ. ಹೆಸರಿಲ್ಲದ, ಹಣವಿಲ್ಲದ, ಗೀಸ್ಲರನಂಥ ವಕೀಲನಿಲ್ಲದ ಮನುಷ್ಯ ಅದೇ ಕೆಲಸ ಮಾಡಿದ್ದರೆ ಸುಮಾರು ನೂರು ದಿನಗಳಲ್ಲಿ ಮನೆಗೆ ಮರಳುತ್ತಿದ್ದನೆಂದು ನಂಬುವುದು ಕಷ್ಟ. ಆದರೆ ಆ ಅಲ್ಪಕಾಲದಲ್ಲಿಯೇ ವೇಂಜರ್ ಅಂಥ ಹೆಸರಿಲ್ಲದವರನ್ನು ಹತ್ತಿರದಿಂದ ನೋಡಿದ. ಹೊರಗೆ ಬಂದೊಡನೆ ಪತ್ರಕರ್ತರ ಮುಂದೆ ಆತ ಮಾತನಾಡಿದುದು ತನ್ನ ಸಂಸಾರದ ವಿಷಯವನ್ನಲ್ಲ. ಅಮೆರಿಕದ ಸೆರೆಮನೆಗಳ ದುಃಸ್ಥಿತಿ ಇಡೀ ದೇಶಕ್ಕೇ ಅವಮಾನವೆಂದೂ, ಅದನ್ನು ಕುರಿತು ಚಿತ್ರ ತೆಗೆಯುವೆನೆಂದೂ ಹೇಳಿದ.

ಹಿಂದೆ 1937ರಲ್ಲಿಯೂ ಆತ ಸೆರೆಯಾಳೊಬ್ಬನ ಕಥೆಯನ್ನು ತೆರೆಗೆ ತಂದಿದ್ದ. ‘ಯು ಓನ್ಲಿ ಲಿವ್ ಒನ್ಸ್’ ಎಂಬ ಆ ಚಿತ್ರವನ್ನು ನಿರ್ದೇಶಿಸಿದವನು ಫ್ರಿಟ್ಸ್ ಲಾಂಗ್. ಬಿಡುಗಡೆಯಾದ ಕೈದಿಗೆ ಸಮಾಜ ಬಾಗಿಲು ಮುಚ್ಚುವುದೇ ಅದರ ವಸ್ತು. ಸೊಗಸಾದ ಚಿತ್ರವೇ ಸರಿ. ಆದರೆ ಅದು ಹೊರಗೆ ನಿಂತು ಕಂಡ ನೋಟ.

ಕೈದಿಗಳೇ ನಟರು

1954ರಲ್ಲಿ ‘ರಯಟ್ ಇನ್ ಸೆಲ್ ಬ್ಲಾಕ್ 11’ ತೆರೆಕಂಡಿತು. ಅದು ಸೆರೆಮನೆಯ ದಂಗೆಯ ಕಥೆ. 1952ರಲ್ಲಿ ಮಿಷಿಗನ್ನಿನ ಜಾಕ್ಸನ್ ಸೆರೆಮನೆಯೂ ಸೇರಿದಂತೆ ಅಮೆರಿಕದ ಹಲವೆಡೆ ಕೈದಿಗಳು ದಂಗೆಯೆದ್ದಿದ್ದರು, ವಿಷಯ ಕಲ್ಪನೆಯದಾಗಿರಲಿಲ್ಲ. ದೊಡ್ಡ ಸಂಸ್ಥೆಗಳ ಬೆಂಬಲ ವೇಂಜರನಿಗೆ ಆಗ ಇರಲಿಲ್ಲ. ಅಲೈಡ್ ಆರ್ಟಿಸ್ಟ್ಸ್ ಎಂಬ ಸಣ್ಣ ಸಂಸ್ಥೆಯ ಅಲ್ಪ ಬಂಡವಾಳದಲ್ಲಿ, ಡಾನ್ ಸೀಗಲ್ ಎಂಬ ನಿರ್ದೇಶಕನೊಡನೆ, ಕ್ಯಾಲಿಫೋರ್ನಿಯಾದ ಫಾಲ್ಸಮ್ ಸೆರೆಮನೆಯ ಒಳಗೇ ಚಿತ್ರೀಕರಣ ನಡೆಯಿತು. ಅಲ್ಲಿನ ನಿಜವಾದ ಕೈದಿಗಳೂ ಕಾವಲುಗಾರರೂ ಗುಂಪಿನ ಪಾತ್ರಗಳನ್ನು ವಹಿಸಿದರು. ಮುಖ್ಯ ನಟರಲ್ಲೊಬ್ಬನಾದ ಲಿಯೋ ಗಾರ್ಡನ್ ತಾನೂ ಹಿಂದೆ ಸೆರೆಯಲ್ಲಿದ್ದು ಬಂದವನು. ಸುಪ್ರಸಿದ್ಧ ತಾರೆಯರಿಲ್ಲ, ಪ್ರಣಯವಿಲ್ಲ, ಹಾಡಿಲ್ಲ.

ಕಥೆ ಸರಳ. ಕೈದಿಗಳು ಕಾವಲುಗಾರರನ್ನು ಒತ್ತೆಯಾಗಿ ಹಿಡಿದು ಪತ್ರಿಕೆಯವರನ್ನು ಕರೆಸುತ್ತಾರೆ. ಅವರ ಬೇಡಿಕೆಗಳು ಅತಿಯಾದವಲ್ಲ: ಒಂದೊಂದು ಕೊಠಡಿಯಲ್ಲಿ ಮಿತಿಮೀರಿ ತುಂಬಬೇಡಿ, ಬುದ್ಧಿಭ್ರಮಣೆಯಾದವರನ್ನು ನಮ್ಮೊಡನೆ ಇರಿಸಬೇಡಿ, ಮಾಡಲು ಕೆಲಸ ಕೊಡಿ, ಹಿಂಸಿಸಬೇಡಿ. ಇವೇ ಸುಧಾರಣೆಗಳನ್ನು ಸೆರೆಮನೆಯ ಅಧಿಕಾರಿಯೂ ವರ್ಷಗಳಿಂದ ಬೇಡುತ್ತ ಬಂದಿರುತ್ತಾನೆ. ಒಪ್ಪಂದಕ್ಕೆ ಸಹಿ ಬೀಳುತ್ತದೆ, ಕೈದಿಗಳು ಶರಣಾಗುತ್ತಾರೆ. ಬಳಿಕ ರಾಜ್ಯದ ಶಾಸನಸಭೆ ಆ ಒಪ್ಪಂದವನ್ನೇ ತಳ್ಳಿಹಾಕುತ್ತದೆ. ದಂಗೆಯ ನಾಯಕನಿಗೆ ಇನ್ನೂ ಮೂವತ್ತು ವರ್ಷಗಳ ಶಿಕ್ಷೆ ಎದುರಾಗುತ್ತದೆ. ಕೈದಿಗಳು ದೇವರೂ ಅಲ್ಲ, ಅಧಿಕಾರಿಗಳು ದೆವ್ವಗಳೂ ಅಲ್ಲ. ಎಲ್ಲರೂ ಒಂದೇ ಗೋಡೆಯೊಳಗೆ ಸಿಕ್ಕಿದವರು. ಹಿಂದಿನ ವೇಂಜರನಾಗಿದ್ದರೆ ಇಂಥ ಕಥೆಗೆ ಒಬ್ಬ ತಾರೆಯನ್ನೂ ಒಂದು ಪ್ರೇಮಪ್ರಸಂಗವನ್ನೂ ಸೇರಿಸದೆ ಬಿಡುತ್ತಿದ್ದನೇ ಎಂಬುದು ಸಂದೇಹ.

ಎರಡು ವರ್ಷಗಳ ಬಳಿಕ ಇದೇ ಸಂಸ್ಥೆ, ಇದೇ ನಿರ್ದೇಶಕನಿಂದ ‘ಇನ್‌ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್’ ಹೊರಬಂದಿತು. ಒಂದು ಊರಿನ ಜನ ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ರೂಪ ಅದೇ, ಹೃದಯ ಮಾತ್ರ ಇಲ್ಲ ಎಂಬ ಭಯಾನಕ ಕಥೆ. ಆಗ ಅಗ್ಗದ ಚಿತ್ರವೆಂದು ಎಣಿಸಲಾಗಿದ್ದ ಇದು 1994ರಲ್ಲಿ ಅಮೆರಿಕ ಸರ್ಕಾರ ಕಾಪಿಡುವ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿತು.

ವಿಷಾನಿಲದ ಕೊಠಡಿ

1958ರಲ್ಲಿ ಬಂದ ‘ಐ ವಾಂಟ್ ಟು ಲಿವ್!’ ವೇಂಜರನ ಸಂಕಲ್ಪದ ಇನ್ನೊಂದು ಫಲ. ಬಾರ್ಬರಾ ಗ್ರಹಾಂ ಎಂಬ ಹೆಂಗಸು ಕೊಲೆಯ ಆರೋಪದ ಮೇಲೆ ಇಬ್ಬರು ಗಂಡಸರೊಡನೆ 1955ರ ಜೂನ್ 3ರಂದು ಸ್ಯಾನ್ ಕ್ವೆಂಟಿನ್ ಸೆರೆಮನೆಯ ವಿಷಾನಿಲ ಕೊಠಡಿಯಲ್ಲಿ ಮರಣದಂಡನೆಗೆ ಗುರಿಯಾಗಿದ್ದಳು. ಆಕೆಯ ಪಾತ್ರವನ್ನು ಸೂಸನ್ ಹೇವರ್ಡ್ ವಹಿಸಿದಳು. ನಿರ್ದೇಶಕ ರಾಬರ್ಟ್ ವೈಸ್. ಕೊಠಡಿಯನ್ನು ಸಿದ್ಧಪಡಿಸುವ ಕ್ರಮ, ಆಗಾಗ ಮೊಳಗುವ ದೂರವಾಣಿ, ಮುಂದೂಡಿದ ಗಳಿಗೆ, ಮತ್ತೆ ಮುಂದೂಡಿದ ಗಳಿಗೆ ಇವನ್ನೆಲ್ಲ ಯಾವ ಅಲಂಕಾರವೂ ಇಲ್ಲದೆ ತೋರಿಸಿದ ಕೊನೆಯ ಭಾಗವನ್ನು ನೋಡಿ ಪ್ರೇಕ್ಷಕರು ತಲ್ಲಣಿಸಿದರು. ಹೇವರ್ಡ್‌ಗೆ ಅತ್ಯುತ್ತಮ ನಟಿಯ ಆಸ್ಕರ್ ಲಭಿಸಿತು.

ಆಕ್ಷೇಪಣೆಯೂ ಬರದಿರಲಿಲ್ಲ. ಬಾರ್ಬರಾ ನಿರಪರಾಧಿಯೆಂಬ ಭಾವನೆಯನ್ನು ಚಿತ್ರ ಮೂಡಿಸುತ್ತದೆ. ಆಕೆಗೆ ವಿರುದ್ಧವಾಗಿದ್ದ ಸಾಕ್ಷ್ಯವನ್ನು ಮರೆಮಾಡಲಾಗಿದೆಯೆಂದು ಮೊಕದ್ದಮೆಯನ್ನು ಬಲ್ಲ ಹಲವರು ದೂರಿದರು. ಈ ಆಕ್ಷೇಪಣೆಯಲ್ಲಿ ತಥ್ಯವಿದೆ. ಪ್ರಚಾರ ಕಾರ್ಯದಲ್ಲಿ ಪಳಗಿದ ವೇಂಜರನ ಹಳೆಯ ಗುಣ ಪೂರ್ಣವಾಗಿ ಅಳಿದಿರಲಿಲ್ಲವೆಂದು ತೋರುತ್ತದೆ. ಆದರೂ ಅಪರಾಧಿಯಾದವಳಿಗೂ ಇಂಥ ಸಾವು ಸಲ್ಲುವುದೇ ಎಂಬ ಪ್ರಶ್ನೆ ಆ ದೋಷದಿಂದ ಮುಚ್ಚಿಹೋಗಲಿಲ್ಲ.

ರಾಣಿಯ ಸಹವಾಸ

ಇಷ್ಟಕ್ಕೇ ನಿಂತಿದ್ದರೆ ವೇಂಜರನ ಕಥೆ ಸುಖಾಂತವಾಗುತ್ತಿದ್ದಿತು. ಆದರೆ ಮಹಾಚಿತ್ರದ ಹಳೆಯ ಹಂಬಲ ಮತ್ತೆ ತಲೆಯೆತ್ತಿತು. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಗಾಗಿ ಈಜಿಪ್ಟಿನ ರಾಣಿ ‘ಕ್ಲಿಯೋಪಾತ್ರ’ಳ ಕಥೆಯನ್ನು ಕೈಗೆತ್ತಿಕೊಂಡ. ನಾಯಿಕೆ ಎಲಿಜಬೆತ್ ಟೇಲರ್‌ಗೆ ಗೊತ್ತುಮಾಡಿದ ಸಂಭಾವನೆ ಹತ್ತು ಲಕ್ಷ ಡಾಲರ್.

1960ರಲ್ಲಿ ಲಂಡನ್ನಿನ ಬಳಿಯ ಪೈನ್‌ವುಡ್ ಸ್ಟುಡಿಯೋದಲ್ಲಿ ಕೆಲಸ ಆರಂಭವಾಯಿತು. ಮಳೆ, ಚಳಿ, ಟೇಲರಳ ಅನಾರೋಗ್ಯ. ಕೆಲವೇ ನಿಮಿಷಗಳ ಚಿತ್ರ ಸಿದ್ಧವಾಗುವಷ್ಟರಲ್ಲಿ ಲಕ್ಷಾಂತರ ಡಾಲರುಗಳು ಕರಗಿದುವು. ನಿರ್ದೇಶಕ ಮಮೂಲಿಯನ್ ರಾಜೀನಾಮೆ ಕೊಟ್ಟ. ಆತನ ಸ್ಥಳಕ್ಕೆ ಮ್ಯಾಂಕಿವಿಟ್ಸ್ ಬಂದ. 1961ರ ಮಾರ್ಚಿಯಲ್ಲಿ ನ್ಯುಮೋನಿಯಾ ಬಂದ ಟೇಲರಳ ಗಂಟಲು ಕೊಯ್ದು ಉಸಿರಿಗೆ ದಾರಿ ಮಾಡಬೇಕಾಯಿತು. ಎಲ್ಲವನ್ನೂ ಬಿಟ್ಟು ರೋಮಿನಲ್ಲಿ ಮೊದಲಿನಿಂದ ಆರಂಭಿಸಿದರು. ಅಲ್ಲಿ ಆಂಟನಿಯ ಪಾತ್ರ ವಹಿಸಿದ ರಿಚರ್ಡ್ ಬರ್ಟನ್‌ನಿಗೂ ಟೇಲರ್‌ಗೂ ಪ್ರೇಮ ಅಂಕುರಿಸಿತು. ಇಬ್ಬರೂ ವಿವಾಹಿತರು. ಜಗತ್ತಿನ ಪತ್ರಿಕೆಗಳಿಗೆಲ್ಲ ಅದೇ ಸುದ್ದಿ.

ವಿಧಿಯ ವ್ಯಂಗ್ಯವೆಂದರೆ ಇದೇ. ಹತ್ತು ವರ್ಷಗಳ ಹಿಂದೆ ಇಂಥದೇ ಸಂಶಯದಿಂದ ಪಿಸ್ತೂಲು ಎತ್ತಿದ್ದವನು ಈಗ ಆ ಯುಗದ ಅತಿ ದೊಡ್ಡ ಪ್ರಣಯ ಹಗರಣದ ನಡುವೆ ನಿಂತು ದಿನದಿನದ ಚಿತ್ರೀಕರಣ ನಡೆಯುವಂತೆ ನೋಡಿಕೊಳ್ಳಬೇಕಾಗಿತ್ತು. 1962ರಲ್ಲಿ ಸಂಸ್ಥೆಯವರು ಆತನನ್ನೇ ಕೆಲಸದಿಂದ ದೂರ ಮಾಡಿದರು. 1963ರಲ್ಲಿ ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಒಟ್ಟು ವೆಚ್ಚ ಸುಮಾರು ನಾಲ್ಕು ಕೋಟಿ ನಲವತ್ತು ಲಕ್ಷ ಡಾಲರಿಗೆ ಏರಿತ್ತೆಂದು ಲೆಕ್ಕ. ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಹಣ ಗಳಿಸಿದರೂ ಹಾಕಿದ್ದು ಆಗ ಹುಟ್ಟಲಿಲ್ಲ. ವೇಂಜರ್ ಮುಂದೆ ಬೇರೆ ಚಿತ್ರವನ್ನು ನಿರ್ಮಿಸಲಿಲ್ಲ. 1968ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ಹೃದಯಾಘಾತದಿಂದ ತೀರಿಕೊಂಡ.

ಯಾರ ಪಾಲಿಗೆ ಎಷ್ಟು?

ಆ ಎರಡು ಗುಂಡುಗಳ ಬೆಲೆಯನ್ನು ತೆತ್ತವರು ಯಾರು? ಲ್ಯಾಂಗ್ ಚೇತರಿಸಿಕೊಂಡು ಮುಂದೆ ತಾನೇ ನಿರ್ಮಾಪಕನಾಗಿ, 1974ರ ‘ಅರ್ತ್‌ಕ್ವೇಕ್’ನಂಥ ಚಿತ್ರಗಳಿಂದ ಹೆಸರು ಮಾಡಿದ. ವೇಂಜರನಿಗೆ ಚಿತ್ರಗಳು ದೊರೆತುವು, ಕೀರ್ತಿ ಮರಳಿತು. ಗುಂಡು ಹಾರಿಸದ ಜೋನ್ ಬೆನೆಟ್‌ಳಿಗೆ ಮಾತ್ರ ಹಾಲಿವುಡ್ ಬಾಗಿಲು ಮುಚ್ಚಿತು. ಅದುವರೆಗೆ ಅರವತ್ತಕ್ಕೂ ಮಿಕ್ಕಿ ಚಿತ್ರಗಳಲ್ಲಿ ನಟಿಸಿದ್ದ ಆಕೆಗೆ ಮುಂದಿನ ಹತ್ತು ವರ್ಷಗಳಲ್ಲಿ ದೊರೆತುದು ಐದೇ ಚಿತ್ರ. ರಂಗಭೂಮಿ, ದೂರದರ್ಶನಗಳಲ್ಲಿ ದುಡಿದು ಆಕೆ ಬಾಳು ಸಾಗಿಸಿದಳು, 1965ರಲ್ಲಿ ವಿಚ್ಛೇದನವಾಯಿತು. ಸೆರೆಮನೆಯ ಅನ್ಯಾಯವನ್ನು ಅಷ್ಟು ಸ್ಪಷ್ಟವಾಗಿ ಕಂಡ ವೇಂಜರ್ ತನ್ನ ಪತ್ನಿಗೆ ಒದಗಿದ ಈ ಅನ್ಯಾಯವನ್ನು ಯಾವ ಚಿತ್ರದಲ್ಲಿಯೂ ತೋರಿಸಲಿಲ್ಲ.

ಆದುದರಿಂದ ಆತನನ್ನು ಪಶ್ಚಾತ್ತಾಪದಿಂದ ಪುನೀತನಾದ ಮಹಾತ್ಮನೆಂದು ಕರೆಯುವುದು ಸಲ್ಲದು. ಆತ ಮಾಡಿದುದು ಅಪರಾಧ, ಅನುಭವಿಸಿದುದು ಅಲ್ಪ. ಆದರೆ ತನಗೆ ದೊರೆತ ರಿಯಾಯಿತಿ ಎಲ್ಲರಿಗೂ ದೊರೆಯುವುದಿಲ್ಲವೆಂಬುದನ್ನು ಆತ ಮರೆಯಲಿಲ್ಲ, ಪ್ರೇಕ್ಷಕರು ಮರೆಯದಂತೆಯೂ ಮಾಡಿದ. ಫಾಲ್ಸಮ್ಮಿನಲ್ಲಿ ಚಿತ್ರೀಕರಣ ಮುಗಿದ ದಿನ ವೇಂಜರ್, ಸೀಗಲ್, ನಟರು ಎಲ್ಲರೂ ಕಾರುಗಳನ್ನೇರಿ ಮನೆಗೆ ಹೊರಟರು. ಅವರೊಡನೆ ಕ್ಯಾಮರಾದ ಮುಂದೆ ನಿಂತಿದ್ದ ಕೈದಿಗಳು ಎಂದಿನಂತೆ ಸಾಲಾಗಿ ತಮ್ಮ ಕೊಠಡಿಗಳಿಗೆ ಹಿಂತಿರುಗಿದರು.