ತೆಂಗಿನ ನಾರು, ಸಿಮೆಂಟಿನ ಹಲಗೆ



ತಿಪಟೂರು, ಅರಸೀಕೆರೆ ಸೀಮೆಯ ತೋಟಗಳಲ್ಲಿ ಕಾಯಿ ಸುಲಿದ ಮೇಲೆ ಸಿಪ್ಪೆ ರಾಶಿ ಬೀಳುತ್ತದೆ. ಅದರ ಉದ್ದ ನಾರು ಹಗ್ಗಕ್ಕೆ ಹೋಗುತ್ತದೆ. ಹಗ್ಗಕ್ಕೆ ಬಾರದ ತುಂಡು ನಾರು ಒಲೆಗೋ ತಿಪ್ಪೆಗೋ ಸೇರುತ್ತದೆ. ಈ ತುಂಡು ನಾರನ್ನು ಸಿಮೆಂಟಿನೊಡನೆ ಕಲಸಿ ಒತ್ತಿದರೆ ಅಡ್ಡಗೋಡೆಗೂ ಒಳಚಾವಣಿಗೂ ಆಗುವ ಹಲಗೆ ಸಿಗುತ್ತದೆ. ಇದಕ್ಕೆ ಗೆದ್ದಲು ಸುಲಭವಾಗಿ ಹತ್ತದು, ಬೆಂಕಿಯೂ ಬೇಗ ಹಿಡಿಯದು. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯು ನಾರು, ಸಿಮೆಂಟು ಸೇರಿಸಿ ಚಾವಣಿಯ ಹಾಳೆ ಮಾಡುವ ವಿಧಾನವನ್ನೇ ರೂಪಿಸಿದೆ.

ಆದರೆ ಒಂದು ಎಚ್ಚರಿಕೆ. ನಾರನ್ನು ತೊಳೆಯದೆ ಕಲಸಿದರೆ ಸಿಮೆಂಟಿಗೆ ಕೊಟ್ಟ ಹಣ ಮಣ್ಣುಪಾಲು. ನಾರಿನಲ್ಲಿ ಒಗರೂ ಸಕ್ಕರೆಯ ಅಂಶವೂ ಇವೆ. ಇವು ಸಿಮೆಂಟು ಗಟ್ಟಿಯಾಗುವುದನ್ನು ತಡೆಯುತ್ತವೆ. ಅಂಥ ಹಲಗೆ ಕೈಯಲ್ಲಿ ಹಿಡಿದರೆ ಪುಡಿಯಾಗಿ ಉದುರುತ್ತದೆ.

ಮಾಡುವ ಬಗೆ:

1. ನಾರನ್ನು ಕೊಡವಿ ಪುಡಿ ತೆಗೆಯಿರಿ. ಪುಡಿ ನೀರು ಹೀರುತ್ತದೆ. ಅದನ್ನು ಗೊಬ್ಬರದ ಗುಂಡಿಗೆ ಹಾಕಿ.

2. ಕಾಲು ಕಿಲೋ ಒಣ ನಾರು ತೂಗಿ, ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ. ಕಂದು ಬಣ್ಣ ಬಿಡುವುದು ನಿಲ್ಲುವವರೆಗೆ ನೀರು ಬದಲಿಸಿ ತೊಳೆದು, ಹಿಂಡಿ.

3. ಒಂದೂಕಾಲು ಕಿಲೋ ಸಿಮೆಂಟನ್ನು ಚಿಮುಕಿಸುತ್ತಾ ಕಲಸಿ. ಬೇಕಾದರೆ ಸ್ವಲ್ಪ ನೀರು ಸೇರಿಸಿ. ಪ್ರತಿ ಎಳೆಗೂ ಸಿಮೆಂಟು ಹತ್ತಬೇಕು. ಕೈಗವಸು ತಪ್ಪದೆ ಹಾಕಿಕೊಳ್ಳಿ. ಸಿಮೆಂಟು ಚರ್ಮವನ್ನು ಸುಡುತ್ತದೆ.

4. ಎಣ್ಣೆ ಸವರಿದ ಒಂದು ಅಡಿ ಚೌಕದ ಚೌಕಟ್ಟಿನಲ್ಲಿ ಸಮನಾಗಿ ಹರಡಿ, ಮೇಲೆ ಮರದ ಹಲಗೆಯಿಟ್ಟು ಕಲ್ಲು ಹೇರಿ. 24 ಗಂಟೆ ಅಲುಗಿಸಬೇಡಿ.

5. ಬಿಡಿಸಿದ ಮೇಲೆ ಎರಡು ವಾರ ಒದ್ದೆ ಗೋಣಿ ಹೊದಿಸಿಡಿ. ಇನ್ನೆರಡು ವಾರ ನೆರಳಿನಲ್ಲಿ ಒಣಗಿಸಿ.

ಮೊದಲ ಸಲ ಎರಡು ಹಲಗೆ ಮಾಡಿ: ಒಂದು ತೊಳೆದ ನಾರಿನದು, ಇನ್ನೊಂದು ತೊಳೆಯದ್ದು. ತಿಂಗಳಾದ ಮೇಲೆ ಎರಡನ್ನೂ ಮೊಳೆಯಿಂದ ಗೀರಿ ನೋಡಿ. ವ್ಯತ್ಯಾಸ ನಿಮಗೇ ಕಾಣುತ್ತದೆ. ಈ ಪರೀಕ್ಷೆ ಮುಗಿಯುವ ತನಕ ಚೀಲಗಟ್ಟಲೆ ಸಿಮೆಂಟು ತರಬೇಡಿ.

ಮನೆಯ ಭಾರ ಹೊರುವ ಗೋಡೆಗೆ ಈ ಹಲಗೆ ಸಲ್ಲದು. ಮಳೆಗೆ ಒಡ್ಡಬೇಡಿ, ಚಾವಣಿಯ ಹಾಳೆಗೆ ಯಂತ್ರದ ಒತ್ತಡವೂ ನೀರು ತಡೆಯುವ ಲೇಪವೂ ಬೇಕು. ಒಳಗಿನ ಅಡ್ಡಗೋಡೆಗೆ ಮರದ ಚೌಕಟ್ಟು ಕಟ್ಟಿ, ಅದಕ್ಕೆ ಹಲಗೆ ಕೂರಿಸಿ. ಊರಿನ ಗಾರೆ ಕೆಲಸದವರನ್ನೂ ಜೊತೆಗೆ ಕರೆದುಕೊಳ್ಳಿ.

ನಾರು ನಿಮ್ಮ ತೋಟದ್ದೇ, ದುಡಿಮೆಯೂ ನಿಮ್ಮದೇ. ಸಿಮೆಂಟು ಮಾತ್ರ ದುಡ್ಡು ಕೊಟ್ಟು ತರುವಂಥದು. ಅದು ಹಾಳಾಗದಂತೆ ನಾರನ್ನು ಮೊದಲು ಚೆನ್ನಾಗಿ ತೊಳೆಯಿರಿ.