ಕಾರ್ಟಿಸಾಲ್ ಮತ್ತು ವೈರಾಣು ಸೋಂಕಿನ ಉರಿಯೂತ

ಕಾರ್ಟಿಸಾಲ್ ಎಂಬುದು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಸ್ಟೀರಾಯ್ಡ್ ಹಾರ್ಮೋನು. ವೈರಾಣು ಸೋಂಕು ತೀವ್ರವಾದಾಗ ರಕ್ಷಣಾ ಕೋಶಗಳು ಹೊರಬಿಡುವ ಇಂಟರ್‌ಲ್ಯೂಕಿನ್-6 ಮೊದಲಾದ ಸೈಟೊಕೈನುಗಳು ಮೆದುಳಿನ ಹೈಪೊಥಲಾಮಸ್ಸನ್ನು ಪ್ರಚೋದಿಸುತ್ತವೆ. ಪಿಟ್ಯುಟರಿ ಗ್ರಂಥಿಯ ಮೂಲಕ ಸಂದೇಶ ಅಡ್ರಿನಲ್‌ಗೆ ತಲುಪಿ ಕಾರ್ಟಿಸಾಲ್ ಪ್ರಮಾಣ ಏರುತ್ತದೆ. ಈ ಹಾರ್ಮೋನು ಸೈಟೊಕೈನುಗಳನ್ನು ತಯಾರಿಸುವ ಜೀನ್‌ಗಳ ಚಟುವಟಿಕೆಯನ್ನೇ ತಗ್ಗಿಸುತ್ತದೆ. ಹೀಗೆ ಉರಿಯೂತವೇ ತನ್ನ ಕಡಿವಾಣವನ್ನು ತಾನೇ ಎಳೆದುಕೊಳ್ಳುತ್ತದೆ. ಅದು ಸಾಲದಾದಾಗ ಶ್ವಾಸಕೋಶಕ್ಕೆ ದೇಹದ ಸ್ವಂತ ಪ್ರತಿಕ್ರಿಯೆಯಿಂದಲೂ ಹಾನಿಯಾಗುತ್ತದೆ.

2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಕೋವಿಡ್-19 ರೋಗಿಗಳಿಗೆ ಕಾರ್ಟಿಸಾಲ್‌ನಂತೆ ವರ್ತಿಸುವ ಕೃತಕ ಸ್ಟೀರಾಯ್ಡ್ ಆದ ಡೆಕ್ಸಾಮೆಥಸೋನನ್ನು ದಿನಕ್ಕೆ 6 ಮಿ.ಗ್ರಾಂ.ನಂತೆ ನೀಡಲಾಯಿತು. ವೆಂಟಿಲೇಟರ್‌ನಲ್ಲಿದ್ದವರ ಪೈಕಿ 28 ದಿನಗಳೊಳಗೆ ಸತ್ತವರ ಪ್ರಮಾಣ ಔಷಧ ಪಡೆದವರಲ್ಲಿ ಶೇ. 29.3, ಪಡೆಯದವರಲ್ಲಿ ಶೇ. 41.4. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಪ್ರಯೋಜನ ಕಂಡುಬರಲಿಲ್ಲ. ಸೋಂಕಿನ ಆರಂಭದಲ್ಲಿ ವೈರಾಣುವನ್ನು ಎದುರಿಸಲು ಉರಿಯೂತ ಬೇಕೇ ಬೇಕು. ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನೂ ಏರಿಸುತ್ತದೆ. 2021ರಲ್ಲಿ ಭಾರತದಲ್ಲಿ ಹೆಚ್ಚಿದ ಕಪ್ಪು ಶಿಲೀಂಧ್ರ ರೋಗಕ್ಕೆ ಮಧುಮೇಹದ ಜೊತೆಗೆ ಅದರ ಮಿತಿಮೀರಿದ ಬಳಕೆಯೂ ಕಾರಣವೆನಿಸಿತು.